ಹೊಟ್ಟೆಯ ಲೆಕ್ಕ, ತಿಂಗಳ ಲೆಕ್ಕ: ಕರುಳಿನ ಹಳೇ ತೊಂದರೆ ಇರುವ ಹೆಣ್ಣುಮಕ್ಕಳಿಗೊಂದು ಮಾರ್ಗದರ್ಶಿ

ಎರಡು ವರ್ಷ ನಾನು ಹೊಟ್ಟೆಯ ಲೆಕ್ಕವನ್ನು ನೋಟುಬುಕ್ಕಿನಲ್ಲಿ, ಮುಟ್ಟಿನ ಲೆಕ್ಕವನ್ನು ಫೋನಿನಲ್ಲಿ ಬರೆದಿಡುತ್ತಿದ್ದೆ. ಹೊಟ್ಟೆ ಕೆಟ್ಟಾಗಲೆಲ್ಲ ಹಿಂದಿನ ದಿನ ತಿಂದದ್ದರ ಮೇಲೆ ಅನುಮಾನ. ಹಾಲು ಬಿಟ್ಟೆ, ಗೋಧಿ ಬಿಟ್ಟೆ, ಕೊನೆಗೆ ಹಣ್ಣನ್ನೂ ಬಿಟ್ಟೆ. ಒಂದು ದಿನ ಸುಮ್ನೆ ಕೂತು ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಕಳ್ಳ ಸಿಕ್ಕಿಬಿದ್ದ. ಮುಟ್ಟಿಗೆ ಐದಾರು ದಿನ ಮುಂಚೆ ಮಲಬದ್ಧತೆ, ಮುಟ್ಟಾದ ದಿನ ಭೇದಿ. ತಿಂಗಳು ತಪ್ಪದೆ ಇದೇ ಆಟ.

ಇದಕ್ಕೆ ಕಾರಣವೂ ಇದೆ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಏರುತ್ತದೆ. ಅದು ಸ್ನಾಯುಗಳನ್ನು ಸಡಿಲ ಮಾಡುತ್ತದೆ, ಕರುಳಿನ ನಡಿಗೆಯೂ ನಿಧಾನವಾಗುತ್ತದೆ. ಮುಟ್ಟು ಹತ್ತಿರವಾದಾಗ ಹಾರ್ಮೋನು ಇಳಿಯುತ್ತದೆ, ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುತ್ತದೆ. ಗರ್ಭಕೋಶವನ್ನು ಹಿಂಡಿ ರಕ್ತ ಹೊರಹಾಕುವುದು ಅದರ ಕೆಲಸ. ಆದರೆ ಪಕ್ಕದ ಮನೆಯ ಕರುಳನ್ನೂ ಹಿಂಡದೆ ಬಿಡುವುದಿಲ್ಲ. ಕಾಯಿಲೆ ಏನೂ ಇಲ್ಲದವರಿಗೂ ಆ ದಿನಗಳಲ್ಲಿ ಹೊಟ್ಟೆ ಸಡಿಲವಾಗುತ್ತದೆ. ಕರುಳು ಮೊದಲೇ ಸೂಕ್ಷ್ಮವಾಗಿದ್ದರೆ ಕೇಳಬೇಕೇ?

ನಾನು ಡಾಕ್ಟರಲ್ಲ. ಈ ತೊಂದರೆಯ ಜೊತೆ ವರ್ಷಗಟ್ಟಲೆ ಇದ್ದು, ಓದಿ, ಕೇಳಿ, ತಪ್ಪು ಮಾಡಿ ಕಲಿತವಳು. ಔಷಧಿ ಶುರು ಮಾಡುವ, ನಿಲ್ಲಿಸುವ ಮಾತೆಲ್ಲ ನಿಮ್ಮ ಡಾಕ್ಟರ ಜೊತೆಯಲ್ಲೇ ಆಗಬೇಕು.

ಹೆಜ್ಜೆ 1: ಎರಡೂ ಲೆಕ್ಕ ಒಂದೇ ಪುಟದಲ್ಲಿ

ಒಂದು ನೋಟುಬುಕ್ಕು ತೆಗೆದುಕೊಳ್ಳಿ. ದಿನಕ್ಕೆ ಒಂದೇ ಸಾಲು. ಮೊದಲು ಮುಟ್ಟಿನ ಚಕ್ರದ ಎಷ್ಟನೇ ದಿನ ಎಂದು ಬರೆಯಿರಿ. ರಕ್ತ ಕಂಡ ಮೊದಲ ದಿನವೇ 1. ಆಮೇಲೆ ಎಷ್ಟು ಸಲ ಟಾಯ್ಲೆಟ್‌ಗೆ ಹೋದಿರಿ, ಮಲ ಹೇಗಿತ್ತು, ನೋವು ಹತ್ತಕ್ಕೆ ಎಷ್ಟು, ನೋವು ಎಲ್ಲಿ, ಹೊಟ್ಟೆ ಉಬ್ಬರ ಇತ್ತಾ, ನಿದ್ದೆ ಹೇಗಿತ್ತು. ಊಟದಲ್ಲಿ ಎಂದಿನಂತಿಲ್ಲದ್ದು ಏನಾದರೂ ಇದ್ದರೆ ಅದಷ್ಟನ್ನೇ ಬರೆಯಿರಿ. ತಿಂದ ಪ್ರತಿ ತುತ್ತನ್ನೂ ಬರೆಯಲು ಹೋದರೆ ನಾಲ್ಕನೇ ದಿನಕ್ಕೆ ಪುಸ್ತಕ ಮೂಲೆ ಸೇರುತ್ತದೆ, ನನ್ನದು ಸೇರಿತ್ತು.

ಮಲ ಹೇಗಿತ್ತು ಎಂದು ಬರೆಯಲು ಬ್ರಿಸ್ಟಲ್ ಪಟ್ಟಿ ಇದೆ. ಬ್ರಿಟನ್ನಿನ ಬ್ರಿಸ್ಟಲ್ ನಗರದ ವೈದ್ಯರು 1997ರಲ್ಲಿ ಪ್ರಕಟಿಸಿದ್ದು. 1 ಎಂದರೆ ಕುರಿ ಹಿಕ್ಕೆಯಂತೆ ಬಿಡಿ ಬಿಡಿ ಗಟ್ಟಿ ಉಂಡೆ. 2 ಉಂಡೆಗಳೆಲ್ಲ ಅಂಟಿಕೊಂಡ ಗಂಟು ಗಂಟಾದ ಮಲ. 3 ಮೇಲೆ ಬಿರುಕು ಬಿಟ್ಟದ್ದು. 4 ನಯವಾಗಿ, ಮೆತ್ತಗೆ, ಉದ್ದಕ್ಕೆ ಬರುವುದು. 5 ಮೆತ್ತನೆಯ ತುಣುಕುಗಳು. 6 ಗಂಜಿಯಂತೆ. 7 ಪೂರಾ ನೀರು. 3 ಮತ್ತು 4 ಒಳ್ಳೆಯವು. ಡಾಕ್ಟರ ಮುಂದೆ "ಸರಿಯಾಗಿ ಆಗ್ತಿಲ್ಲ" ಎಂದು ತಡವರಿಸುವ ಬದಲು "ವಾರದಲ್ಲಿ ನಾಲ್ಕು ದಿನ ಒಂದು, ಮುಟ್ಟಿನಲ್ಲಿ ಆರು" ಎಂದು ಹೇಳಿಬಿಡಬಹುದು. ನಾಚಿಕೆಯೂ ಅರ್ಧ ಕಡಿಮೆಯಾಗುತ್ತದೆ, ಸಂಖ್ಯೆ ಹೇಳಲು ಯಾರಿಗೂ ನಾಚಿಕೆ ಇಲ್ಲ ಅಲ್ವಾ?

ದಿನಾ ಹೋಗಲೇಬೇಕು ಎಂಬ ಚಿಂತೆ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜ. ತಿಣುಕದೆ, ನೋವಿಲ್ಲದೆ ಆದರೆ ಸಾಕು.

ಎರಡು ಚಕ್ರ, ಅಂದರೆ ಸುಮಾರು ಎಂಟು ವಾರ ಬರೆಯಿರಿ. ಮುಟ್ಟು ನಿಂತವರೂ ಬರೆಯಿರಿ. ನಿಲ್ಲುವ ಹೊತ್ತಿನಲ್ಲಿ ಹಾರ್ಮೋನುಗಳ ಏರಿಳಿತದಿಂದ ಹೊಟ್ಟೆಯ ಹಳೇ ರೀತಿನೀತಿ ಬದಲಾಗುವುದುಂಟು.

ಹೆಜ್ಜೆ 2: ಕಾಯಬಾರದ ಸಂಗತಿಗಳು

ಎಂಟು ವಾರ ಬರೆಯಿರಿ ಎಂದೆ. ಈ ಕೆಳಗಿನದು ಯಾವುದಾದರೂ ಇದ್ದರೆ ಅಷ್ಟು ದಿನ ಕಾಯಬೇಡಿ:

- ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಾದ ಮಲ
- ಪ್ರಯತ್ನ ಪಡದೆ ತೂಕ ಇಳಿಯುವುದು
- ನಿದ್ದೆಯಿಂದ ಎಬ್ಬಿಸುವ ಭೇದಿ
- ಜ್ವರ, ಬಿಡದ ವಾಂತಿ
- ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶ ಕಡಿಮೆ
- ಹತ್ತಿರದ ರಕ್ತಸಂಬಂಧಿಗಳಲ್ಲಿ ಕರುಳಿನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಅಥವಾ ಕರುಳಿನ ಉರಿಯೂತದ ಕಾಯಿಲೆ
- 50ರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ

ಇವುಗಳಲ್ಲಿ ಎರಡಕ್ಕೆ ಒಂದೊಂದು ಮಾತು ಸೇರಿಸಬೇಕು. ಹೆಣ್ಣುಮಕ್ಕಳ ರಕ್ತಹೀನತೆಗೆ "ಮುಟ್ಟು ಜಾಸ್ತಿ ಹೋಗುತ್ತೆ ಬಿಡಿ" ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ಬಹಳ ಸಲೀಸು. ರಕ್ತ ಕರುಳಿನಿಂದಲೂ ಸೋರುತ್ತಿರಬಹುದು, ಅಥವಾ ಕರುಳು ಕಬ್ಬಿಣವನ್ನು ಹೀರುತ್ತಲೇ ಇಲ್ಲದಿರಬಹುದು. ಮಾತ್ರೆ ತಿಂದರೂ ಹಿಮೋಗ್ಲೋಬಿನ್ ಏರದಿದ್ದರೆ ಕೇಳಲೇಬೇಕು. ಇನ್ನೊಂದು, ಕಬ್ಬಿಣದ ಮಾತ್ರೆ ತಿನ್ನುವಾಗ ಮಲ ಕಪ್ಪಾಗುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ಅಂಟಂಟಾಗಿ, ಕೆಟ್ಟ ವಾಸನೆಯೊಂದಿಗೆ ಹೋದರೆ ಅದು ಬೇರೆ, ಅಂದೇ ತೋರಿಸಿ.

ಹೆಜ್ಜೆ 3: ಯಾವುದು ಯಾವುದು ಎಂದು ಗುರುತಿಸುವುದು

ಐಬಿಎಸ್ (ಇರಿಟೇಬಲ್ ಬವೆಲ್ ಸಿಂಡ್ರೋಮ್) ಮತ್ತು ಐಬಿಡಿ (ಇನ್ಫ್ಲಮೇಟರಿ ಬವೆಲ್ ಡಿಸೀಸ್). ಒಂದೇ ಅಕ್ಷರದ ವ್ಯತ್ಯಾಸ, ಆದರೆ ಕಾಯಿಲೆಗಳು ಪೂರ್ತಿ ಬೇರೆ.

ಐಬಿಎಸ್‌ನಲ್ಲಿ ಕರುಳು ನೋಡಲು ಚೆನ್ನಾಗಿಯೇ ಇರುತ್ತದೆ. ಕರುಳು ಮತ್ತು ಮೆದುಳಿನ ನಡುವಿನ ಸುದ್ದಿ ಸಾಗಾಟ ಹದಗೆಟ್ಟಿರುತ್ತದೆ. ಸ್ವಲ್ಪ ಗಾಳಿ ತುಂಬಿದರೂ ಹೊಟ್ಟೆ ಒಡೆಯುವಂತೆ ನೋವು. ಕರುಳಿನ ನಡಿಗೆ ಒಮ್ಮೆ ಓಟ, ಒಮ್ಮೆ ಮುಷ್ಕರ. 2016ರ ರೋಮ್ 4 ಎಂಬ ಮಾನದಂಡದ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಜೊತೆಗೆ ಮಲವಿಸರ್ಜನೆಯೊಂದಿಗೆ ನೋವಿನ ಸಂಬಂಧ, ಹೋಗುವ ಸಂಖ್ಯೆಯಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ, ಈ ಮೂರರಲ್ಲಿ ಎರಡಾದರೂ ಇರಬೇಕು. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಇದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ.

ಐಬಿಡಿ ಎಂದರೆ ಕರುಳಿನಲ್ಲಿ ನಿಜವಾದ ಉರಿಯೂತ, ಹುಣ್ಣು. ಅದರಲ್ಲಿ ಮುಖ್ಯವಾಗಿ ಎರಡು. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಬರುತ್ತದೆ. ಇವುಗಳಿಗೆ ಔಷಧಿ ಬೇಕೇ ಬೇಕು. ಬರೀ ಪಥ್ಯದಲ್ಲಿ, ಮನಸ್ಸು ಗಟ್ಟಿ ಮಾಡಿಕೊಳ್ಳುವುದರಲ್ಲಿ ಮುಗಿಯುವ ಕಾಯಿಲೆಗಳಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಹೆಣ್ಣುಮಕ್ಕಳಿಗೆ ಅನ್ಯಾಯ. ಐಬಿಎಸ್ ಎಂಬ ಚೀಟಿಯ ಹಿಂದೆ ಬೇರೆ ನಾಲ್ಕಾರು ಕಾಯಿಲೆಗಳು ಅಡಗಿ ಕೂತಿರುತ್ತವೆ.

ಮೊದಲನೆಯದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ, ಕರುಳಿನ ಮೇಲೂ, ಬೆಳೆಯುವುದು. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10%, ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆ ಉಬ್ಬರ, ಭೇದಿ, ಮಲಬದ್ಧತೆ ಎಲ್ಲ ಐಬಿಎಸ್‌ನಂತೆಯೇ. ಸುಳಿವು ಸಿಗುವುದು ಕ್ಯಾಲೆಂಡರಿನಲ್ಲಿ. ಮುಟ್ಟಿನ ದಿನಗಳಲ್ಲಿ ಮಲ ಹೋಗುವಾಗ ಚಾಕು ಹಾಕಿದಂಥ ನೋವು, ಆ ದಿನಗಳಲ್ಲೇ ಗುದದಿಂದ ರಕ್ತ, ಸಂಭೋಗದಲ್ಲಿ ಆಳದ ನೋವು, ಗರ್ಭ ನಿಲ್ಲದಿರುವುದು. ಇವುಗಳಲ್ಲಿ ಒಂದೆರಡಿದ್ದರೂ ಸ್ತ್ರೀರೋಗ ತಜ್ಞರನ್ನು ಕಾಣಿ. ಮಾಮೂಲಿ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಏನೂ ಇಲ್ಲ ಎಂದಾಗುವುದಿಲ್ಲ. ಇದರಲ್ಲಿ ಪಳಗಿದವರು ಮಾಡುವ ಯೋನಿಯ ಮೂಲಕದ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕಾಗಬಹುದು. ಐಬಿಎಸ್ ಮತ್ತು ಎಂಡೊಮೆಟ್ರಿಯೋಸಿಸ್ ಎರಡೂ ಒಬ್ಬರಲ್ಲೇ ಇರುವುದೂ ಉಂಟು, ಅದನ್ನು ಮರೆಯಬೇಡಿ.

ಎರಡನೆಯದು ಹೆದರಿಸುವ ಹೆಸರು, ಆದರೂ ಹೇಳಲೇಬೇಕು: ಅಂಡಾಶಯದ ಕ್ಯಾನ್ಸರ್. ಬಿಡದ ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಅವಸರ. ಐಬಿಎಸ್‌ನ ಉಬ್ಬರ ಬೆಳಗ್ಗೆ ಇಳಿದು ಸಂಜೆ ಏರುತ್ತದೆ. ಇದು ಹಾಗಲ್ಲ, ಇದ್ದಲ್ಲೇ ಇರುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ಒಂದು ಗೆರೆ ಹಾಕಿಕೊಟ್ಟಿದೆ. ಇಂಥ ಲಕ್ಷಣಗಳು ತಿಂಗಳಿಗೆ 12 ಸಲಕ್ಕಿಂತ ಹೆಚ್ಚು ಕಾಣಿಸಿದರೆ, ಅದರಲ್ಲೂ 50 ದಾಟಿದವರಲ್ಲಿ, ಸಿಎ 125 ಎಂಬ ರಕ್ತ ಪರೀಕ್ಷೆ ಮಾಡಬೇಕು. ಆ ವಯಸ್ಸಿನಲ್ಲಿ ಐಬಿಎಸ್ ಮೊದಲ ಸಲ ಶುರುವಾಗುವುದು ಅಪರೂಪ. ಸಿಎ 125ರ ಸಂಖ್ಯೆ ಏರಿದ ಕೂಡಲೇ ಕ್ಯಾನ್ಸರ್ ಎಂದೂ ಅಲ್ಲ. ಎಂಡೊಮೆಟ್ರಿಯೋಸಿಸ್‌ನಲ್ಲಿ, ಮುಟ್ಟಿನ ದಿನಗಳಲ್ಲಿ ಕೂಡ ಏರುತ್ತದೆ. ಆದ್ದರಿಂದ ಸ್ಕ್ಯಾನ್ ಜೊತೆಗಿಟ್ಟು ನೋಡುತ್ತಾರೆ.

ಸೀಲಿಯಾಕ್ ಕಾಯಿಲೆ ಇನ್ನೊಂದು. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲೂಟೆನ್ ತಿಂದರೆ ದೇಹ ತನ್ನ ಸಣ್ಣ ಕರುಳನ್ನೇ ಹಾಳುಮಾಡಿಕೊಳ್ಳುತ್ತದೆ. ಜಗತ್ತಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದೆ. ಎಷ್ಟೋ ಹೆಂಗಸರಲ್ಲಿ ಇದರ ಮೊದಲ ಗುರುತು ರಕ್ತಹೀನತೆಯೇ. ಇದಕ್ಕೊಂದು ಸರಳ ರಕ್ತ ಪರೀಕ್ಷೆ ಇದೆ, ಆದರೆ ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನಾನು ಮಾಡಿದ್ದು ಇದೇ ತಪ್ಪು. ಮತ್ತೆ ವಾರಗಟ್ಟಲೆ ಗೋಧಿ ತಿಂದು, ಹೊಟ್ಟೆ ಕೆಡಿಸಿಕೊಂಡು, ಪರೀಕ್ಷೆ ಮಾಡಿಸಬೇಕಾಯಿತು.

ಇನ್ನು ಥೈರಾಯ್ಡ್ ಕಡಿಮೆಯಾದರೆ ಮಲಬದ್ಧತೆ, ಜಾಸ್ತಿಯಾದರೆ ಭೇದಿ. ಪಿತ್ತಕೋಶ ತೆಗೆಸಿದವರಿಗೆ ಊಟವಾದ ಕೂಡಲೇ ನೀರಿನಂತೆ ಹೋಗುತ್ತಿದ್ದರೆ ಅದು ಪಿತ್ತರಸ ದೊಡ್ಡ ಕರುಳಿಗೆ ಇಳಿದು ಆಗುವ ಭೇದಿ ಇರಬಹುದು, ಅದಕ್ಕೇ ಬೇರೆ ಔಷಧಿ ಇದೆ. ಆಪರೇಷನ್ ಆಗಿ ಹತ್ತು ವರ್ಷವಾಗಿದ್ದರೂ ಡಾಕ್ಟರಿಗೆ ಹೇಳಿ.

ಹೆಜ್ಜೆ 4: ಡಾಕ್ಟರ ಮುಂದೆ ಹತ್ತು ನಿಮಿಷ

ಹೋಗುವ ಮುಂಚೆ ನೋಟುಬುಕ್ಕಿನಿಂದ ಅರ್ಧ ಪುಟದ ಸಾರಾಂಶ ಬರೆದುಕೊಳ್ಳಿ. ತೊಂದರೆ ಶುರುವಾದದ್ದು ಯಾವಾಗ, ಮುಟ್ಟಿನೊಂದಿಗೆ ಸಂಬಂಧ ಏನು, ಯಾವ ಯಾವ ಮಾತ್ರೆ ತಿನ್ನುತ್ತಿದ್ದೀರಿ, ಹೆರಿಗೆ ಹೇಗಾಗಿತ್ತು. ಇಷ್ಟು ಸಾಕು. ದೊಡ್ಡ ತೊಂದರೆಯನ್ನೇ ಮೊದಲು ಹೇಳಿ. ನಾವು ಬಹಳ ಜನ ಗ್ಯಾಸ್ ಎಂದು ಶುರುಮಾಡಿ, ಬಾಗಿಲ ಹತ್ತಿರ ಹೋದಮೇಲೆ "ಅಂದಹಾಗೆ ರಕ್ತವೂ ಹೋಗುತ್ತೆ" ಎನ್ನುತ್ತೇವೆ.

ಕೇಳಿ ಮಾಡಿಸಬಹುದಾದ ಪರೀಕ್ಷೆಗಳು ಹೆಚ್ಚೇನಿಲ್ಲ. ರಕ್ತಕಣಗಳ ಎಣಿಕೆ, ಉರಿಯೂತ ತೋರಿಸುವ ಸಿಆರ್‌ಪಿ, ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್, ಸೀಲಿಯಾಕ್ ಪರೀಕ್ಷೆ, ಥೈರಾಯ್ಡ್. ಭೇದಿ ಇದ್ದರೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್. ಇದು ಕರುಳಿನಲ್ಲಿ ಉರಿಯೂತ ಇದ್ದರೆ ಏರುವ ಪ್ರೋಟೀನು. 50ಕ್ಕಿಂತ ಕಡಿಮೆ ಇದ್ದರೆ ಐಬಿಡಿ ಇರುವ ಸಾಧ್ಯತೆ ಬಹಳ ಕಡಿಮೆ, ಎಷ್ಟೋ ಜನರಿಗೆ ಕೊಲೊನೊಸ್ಕೋಪಿಯೇ (ಗುದದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ತಪ್ಪುತ್ತದೆ. ಆದರೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಇದನ್ನು ಸುಳ್ಳೇ ಏರಿಸಬಹುದು. ಮುಟ್ಟಿನ ನೋವಿಗೆ ಮಾತ್ರೆ ನುಂಗಿದ ವಾರದಲ್ಲಿ ಮಾದರಿ ಕೊಡುವುದಾದರೆ ಆ ವಿಷಯ ಹೇಳಿ.

ಕೊಲೊನೊಸ್ಕೋಪಿಯ ದಿನ ಮುಟ್ಟಾದರೆ? ಏನೂ ತೊಂದರೆಯಿಲ್ಲ, ಮಾಡುತ್ತಾರೆ. ನರ್ಸಿಗೆ ಒಂದು ಮಾತು ಹೇಳಿ ಅಷ್ಟೇ. ಇದೊಂದೇ ಕಾರಣಕ್ಕೆ ದಿನ ಮುಂದೂಡಿ, ಮತ್ತೆ ತಿಂಗಳು ಕಾದವರನ್ನು ಕಂಡಿದ್ದೇನೆ.

"ಟೆನ್ಷನ್ ಮಾಡ್ಕೋಬೇಡಿ, ಎಲ್ಲ ಸರಿಹೋಗುತ್ತೆ" ಎಂದು ಮಾತು ಮುಗಿಸಿದರೆ ಹೀಗೆ ಕೇಳಿ: "ಬೇರೆ ಏನೇನು ಇಲ್ಲ ಎಂದು ಖಚಿತವಾಗಿದೆ? ಎಷ್ಟು ವಾರದಲ್ಲಿ ಸರಿಹೋಗದಿದ್ದರೆ ಮತ್ತೆ ಬರಬೇಕು?" ಈ ಎರಡು ಪ್ರಶ್ನೆ ಕೇಳಿದರೆ ಮಾತು ಮತ್ತೆ ಕಾಯಿಲೆಯ ಕಡೆಗೇ ತಿರುಗುತ್ತದೆ.

ಹೆಜ್ಜೆ 5: ಊಟ, ಒಂದೊಂದೇ ಬದಲಾವಣೆ

ಒಂದೇ ಸಲ ಹತ್ತು ಪದಾರ್ಥ ಬಿಟ್ಟರೆ ಯಾವುದರಿಂದ ಒಳ್ಳೆಯದಾಯಿತು ಎಂದು ಗೊತ್ತಾಗುವುದಿಲ್ಲ. ಮೊದಲು ಸುಲಭದ್ದು. ಹೊತ್ತಿಗೆ ಸರಿಯಾಗಿ ಊಟ, ಕಾಫಿ ಕಡಿಮೆ, ಸೋಡಾ ತುಂಬಿದ ಪಾನೀಯ ಮತ್ತು ಕುಡಿತ ಬೇಡ, ಎಣ್ಣೆಯಲ್ಲಿ ಕರಿದದ್ದು ಕಡಿಮೆ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ಆಮೇಲೆ ನಾರು. ಮಲಬದ್ಧತೆ ಎಂದ ಕೂಡಲೇ ಗೋಧಿಯ ತವುಡು ತಿನ್ನಿ ಎನ್ನುವವರು ಬಹಳ. ಐಬಿಎಸ್ ಇರುವವರಿಗೆ ಅದು ಗಾಳಿ, ನೋವು ಎರಡನ್ನೂ ಹೆಚ್ಚಿಸಬಹುದು. ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಒಳ್ಳೆಯದು. ಇಸಬ್‌ಗೋಲ್, ಓಟ್ಸ್ ಇಂಥವು. ಇಸಬ್‌ಗೋಲ್ ಮಲಬದ್ಧತೆಗೂ ಆಗುತ್ತದೆ, ಸಡಿಲ ಮಲವನ್ನು ಗಟ್ಟಿ ಮಾಡಲೂ ಆಗುತ್ತದೆ. ದಿನಕ್ಕೆ ಒಂದು ಚಮಚದಿಂದ ಶುರುಮಾಡಿ, ತುಂಬು ಲೋಟ ನೀರಿನೊಂದಿಗೆ. ವಾರ ಬಿಟ್ಟು ನಿಧಾನಕ್ಕೆ ಏರಿಸಿ. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಕ್ರೋನ್ಸ್‌ನಿಂದ ಕರುಳು ಕಿರಿದಾಗಿದೆ ಎಂದು ಹೇಳಿದ್ದರೆ ಡಾಕ್ಟರನ್ನು ಕೇಳದೆ ನಾರು ಏರಿಸಲೇಬೇಡಿ. ದಿನಕ್ಕೆ ಎರಡು ಕಿವಿ ಹಣ್ಣು ತಿಂದರೆ ಮಲಬದ್ಧತೆ ಕಡಿಮೆಯಾಗುತ್ತದೆ ಎಂಬುದು ಪ್ರಯೋಗಗಳಲ್ಲೇ ಕಂಡಿದೆ. ಔಷಧಿಗಿಂತ ರುಚಿ ಅಂತೂ ಹೌದು.

ಇಷ್ಟಕ್ಕೂ ಜಗ್ಗದಿದ್ದರೆ ಫಾಡ್‌ಮ್ಯಾಪ್ ಪಥ್ಯ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ವಿಧಾನ. ಕೆಲವು ಸಕ್ಕರೆಯಂಥ ಅಂಶಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ಕೆಳಗಿಳಿಯುತ್ತವೆ, ಅಲ್ಲಿ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ಈ ಅಂಶಗಳು ಕರುಳಿಗೆ ನೀರನ್ನೂ ಎಳೆದುಕೊಳ್ಳುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು, ಹಾಲು, ಸೇಬು, ಮಾವು, ಹೂಕೋಸು, ಸಕ್ಕರೆರಹಿತ ಚ್ಯೂಯಿಂಗ್ ಗಮ್ ಈ ಪಟ್ಟಿಯಲ್ಲಿವೆ.

ಇದರಲ್ಲಿ ಮೂರು ಹಂತ. ಎರಡರಿಂದ ಆರು ವಾರ ಎಲ್ಲವನ್ನೂ ಕಡಿಮೆ ಮಾಡುವುದು. ಆಮೇಲೆ ಒಂದೊಂದು ಗುಂಪನ್ನು ಮೂರು ಮೂರು ದಿನ, ಪ್ರಮಾಣ ಏರಿಸುತ್ತಾ, ವಾಪಸ್ ತಂದು ನೋಡುವುದು. ಕೊನೆಗೆ ನಿಮಗೆ ಆಗದ್ದನ್ನು ಮಾತ್ರ ಬಿಡುವುದು. ಜನ ಎಡವುವುದು ಎರಡನೇ ಹಂತದಲ್ಲಿ. ಮೊದಲ ಹಂತದಲ್ಲಿ ಹಾಯೆನಿಸಿತು ಎಂದು ಅಲ್ಲೇ ಕೂತುಬಿಡುತ್ತಾರೆ. ತಿಂಗಳುಗಟ್ಟಲೆ ಹಾಗಿದ್ದರೆ ಕ್ಯಾಲ್ಸಿಯಂ ಕಡಿಮೆ, ನಾರು ಕಡಿಮೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕಡಿಮೆ. ವಾಪಸ್ ತರುವ ಪ್ರಯೋಗವನ್ನು ಮುಟ್ಟಿನ ವಾರದಲ್ಲಿ ಮಾತ್ರ ಮಾಡಬೇಡಿ. ಆ ವಾರ ನೀರು ಕುಡಿದರೂ ಹೊಟ್ಟೆ ಗುಡುಗುಡು ಎನ್ನುತ್ತದೆ, ಪಾಪದ ಈರುಳ್ಳಿಯ ಮೇಲೆ ಅಪವಾದ ಬರುತ್ತದೆ.

ಬೆಳ್ಳುಳ್ಳಿ ಬಿಡಲಾಗದವರಿಗೆ ಒಂದು ಉಪಾಯ. ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಸಳನ್ನು ಎಣ್ಣೆಯಲ್ಲಿ ಬಾಡಿಸಿ, ಎಸಳು ತೆಗೆದುಹಾಕಿ, ಆ ಎಣ್ಣೆಯಲ್ಲೇ ಅಡುಗೆ ಮಾಡಿ. ಘಮ ಉಳಿಯುತ್ತದೆ, ಹೊಟ್ಟೆಯೂ ಉಳಿಯುತ್ತದೆ. ಆ ಎಣ್ಣೆಯನ್ನು ಅಂದೇ ಬಳಸಿ, ಹೊರಗಿಡಬೇಡಿ.

ತೂಕ ತೀರಾ ಕಡಿಮೆ ಇರುವವರು, ಬಸುರಿಯರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಪಟ್ಟವರು ಈ ಪಥ್ಯಕ್ಕೆ ಒಂಟಿಯಾಗಿ ಇಳಿಯಬೇಡಿ. ಆಹಾರ ತಜ್ಞರ ಜೊತೆ ಮಾಡಿ.

ಹೆಜ್ಜೆ 6: ಟಾಯ್ಲೆಟ್‌ನಲ್ಲಿ ಕೂರುವ ರೀತಿ

ತಿಂಡಿ ತಿಂದ ಹದಿನೈದರಿಂದ ಮೂವತ್ತು ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತನ್ನು ನಿಮಗಾಗಿ ಇಟ್ಟುಕೊಳ್ಳಿ. ಮನೆಯವರಿಗೆಲ್ಲ ಬಡಿಸಿ, ಎಲ್ಲರನ್ನೂ ಕಳಿಸಿ, ಆಮೇಲೆ ಎಂದು ತಡೆಹಿಡಿಯುವ ಅಭ್ಯಾಸವೇ ಎಷ್ಟೋ ಮಲಬದ್ಧತೆಯ ಮೂಲ. ಕಮೋಡಿನ ಮೇಲೆ ಕೂರುವವರು ಕಾಲ ಕೆಳಗೆ ಸಣ್ಣ ಸ್ಟೂಲ್ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂತು, ಮುಂದೆ ಬಾಗಿ. ಉಸಿರು ಬಿಗಿಹಿಡಿದು ತಿಣುಕಬೇಡಿ, ಬಾಯಿಂದ ನಿಧಾನಕ್ಕೆ ಉಸಿರು ಬಿಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬನ್ನಿ. ಫೋನು ಹೊರಗಿರಲಿ.

ಇಷ್ಟಾದರೂ "ಬಂದು ಬಾಗಿಲಲ್ಲಿ ನಿಂತಂತೆ" ಅನಿಸುತ್ತದೆಯೇ? ಆಗ ತೊಂದರೆ ಕರುಳಿನ ವೇಗದ್ದಲ್ಲ, ಪೆಲ್ವಿಕ್ ಫ್ಲೋರ್ ಸ್ನಾಯುಗಳದ್ದು ಇರಬಹುದು. ಮೂತ್ರಕೋಶ, ಗರ್ಭಕೋಶ, ಗುದಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತ ಸ್ನಾಯುಗಳಿವು. ಮಲ ಹೋಗುವಾಗ ಇವು ಸಡಿಲವಾಗಬೇಕು. ಕೆಲವರಲ್ಲಿ ಉಲ್ಟಾ ಬಿಗಿಯುತ್ತವೆ. ಎಷ್ಟು ಜುಲಾಬಿನ ಔಷಧಿ ಕುಡಿದರೂ ಪ್ರಯೋಜನವಿಲ್ಲ, ಬಯೋಫೀಡ್‌ಬ್ಯಾಕ್ ಎಂಬ, ಸ್ನಾಯು ಸಡಿಲಿಸುವುದನ್ನು ಕಲಿಸುವ ತರಬೇತಿಯಿಂದ ಎಷ್ಟೋ ಜನರಿಗೆ ಸರಿಹೋಗುತ್ತದೆ. ಎಲ್ಲರಿಗೂ ಹೇಳುವ ಕೀಗಲ್ ವ್ಯಾಯಾಮ ಬಿಗಿಯುವುದನ್ನು ಕಲಿಸುತ್ತದೆ. ಮೊದಲೇ ಬಿಗಿಯಾಗಿದ್ದರೆ ಅದರಿಂದ ಕೆಡುಕೇ ಜಾಸ್ತಿ.

ಹೆರಿಗೆಯಾದ ಕೆಲವರಲ್ಲಿ ಗುದನಾಳ ಯೋನಿಯ ಕಡೆಗೆ ಉಬ್ಬಿರುತ್ತದೆ. ಮಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಯೋನಿಯ ಹಿಂಗೋಡೆಯನ್ನು ಬೆರಳಿನಿಂದ ಒತ್ತಿದರೆ ಮಾತ್ರ ಹೋಗುತ್ತದೆ. ಹೀಗೆ ಮಾಡುತ್ತಿರುವವರು ತಾವೊಬ್ಬರೇ ಎಂದುಕೊಂಡು ಯಾರಿಗೂ ಹೇಳುವುದಿಲ್ಲ. ಡಾಕ್ಟರಿಗೆ ಅದೇ ದೊಡ್ಡ ಸುಳಿವು, ಹೇಳಿಬಿಡಿ. ತಡೆಯಲಾಗದೆ ಬಟ್ಟೆಗೆ ಆಗಿಬಿಡುವುದೂ ಅಷ್ಟೆ. ಹೆರಿಗೆಯಲ್ಲಿ ಗುದದ ಸ್ನಾಯು ಹರಿದದ್ದರ ಪರಿಣಾಮ ಎಷ್ಟೋ ವರ್ಷ ಬಿಟ್ಟು ಕಾಣಿಸಬಹುದು, ಅದಕ್ಕೂ ಚಿಕಿತ್ಸೆ ಇದೆ.

ಹೆಜ್ಜೆ 7: ಮುಟ್ಟಿನ ವಾರಕ್ಕೆ ಬೇರೆ ಯೋಜನೆ

ನೋಟುಬುಕ್ಕು ಈಗ ಕೆಲಸಕ್ಕೆ ಬರುತ್ತದೆ. ಮುಟ್ಟಿಗೆ ಮುಂಚೆ ಮಲಬದ್ಧತೆ ಆಗುವವರು ನಾಲ್ಕೈದು ದಿನ ಮೊದಲೇ ನೀರು, ನಡಿಗೆ, ಕರಗುವ ನಾರು ಹೆಚ್ಚಿಸಿ. ಡಾಕ್ಟರು ಹೇಳಿದ್ದರೆ ಮಲ ಮೆತ್ತಗೆ ಮಾಡುವ ಔಷಧಿಯನ್ನೂ ಆಗಲೇ ಶುರುಮಾಡಿ. ಮುಟ್ಟಾದ ಕೂಡಲೇ ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ಎರಡೂ ಸೇರಿ ಓಡಿಸುತ್ತವೆ. ಮುಟ್ಟಿನ ಮೊದಲ ಎರಡು ದಿನ ಕಾಫಿ ಇಲ್ಲ, ಊಟ ಸಣ್ಣ ಸಣ್ಣ ಪ್ರಮಾಣದಲ್ಲಿ, ಹೊಟ್ಟೆಗೆ ಬಿಸಿನೀರಿನ ಚೀಲ.

ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್‌ಗೇ ತಡೆ ಹಾಕುತ್ತವೆ, ಆದ್ದರಿಂದ ಮುಟ್ಟಿನ ನೋವಿಗೆ ಒಳ್ಳೆಯವು. ಆದರೆ ಕ್ರೋನ್ಸ್, ಕೊಲೈಟಿಸ್ ಇರುವವರಲ್ಲಿ ಇವು ಕಾಯಿಲೆ ಕೆರಳಿಸಬಹುದು. ಅವರಿಗೆ ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಐಬಿಎಸ್ ಇರುವವರಿಗೆ ಹೊರಗೆ ಹೋಗುವ ದಿನ ಆಪದ್ಬಾಂಧವ. ಮಲದಲ್ಲಿ ರಕ್ತ, ಜ್ವರ ಇದ್ದಾಗ ಮಾತ್ರ ಅದನ್ನು ಮುಟ್ಟಬಾರದು.

ಹೆಜ್ಜೆ 8: ಐಬಿಡಿ ಇರುವವರು ಇಷ್ಟನ್ನು ಬರೆದಿಟ್ಟುಕೊಳ್ಳಿ

ಮಗು ಬೇಕೆಂದರೆ ಕಾಯಿಲೆ ಮೂರರಿಂದ ಆರು ತಿಂಗಳಾದರೂ ಶಾಂತವಾಗಿರುವ ಹೊತ್ತು ನೋಡಿ. ಗರ್ಭ ನಿಂತಿತು ಎಂದು ಹೆದರಿ ಔಷಧಿ ಬಿಡುವುದು ದೊಡ್ಡ ತಪ್ಪು. ಹೆಚ್ಚಿನ ಔಷಧಿಗಳಿಗಿಂತ ಕೆರಳಿದ ಕಾಯಿಲೆಯೇ ಮಗುವಿಗೆ ಹೆಚ್ಚು ಅಪಾಯ. ಮೆಥೊಟ್ರೆಕ್ಸೇಟ್ ಇದಕ್ಕೆ ಅಪವಾದ, ಅದನ್ನು ಗರ್ಭ ಧರಿಸುವ ತಿಂಗಳುಗಳ ಮುಂಚೆಯೇ ನಿಲ್ಲಿಸಬೇಕು. ಟೋಫಾಸಿಟಿನಿಬ್‌ನಂಥ ಹೊಸ ಮಾತ್ರೆಗಳನ್ನೂ ಗರ್ಭಿಣಿಯರಿಗೆ ಕೊಡುವುದಿಲ್ಲ. ಸಲ್ಫಸಲಜಿನ್ ತಿನ್ನುವವರಿಗೆ ಫೋಲಿಕ್ ಆಮ್ಲ ಹೆಚ್ಚು ಬೇಕು. ಬಸುರಿನಲ್ಲಿ ಬಯೋಲಾಜಿಕ್ ಇಂಜೆಕ್ಷನ್ (ರೋಗನಿರೋಧಕ ಶಕ್ತಿಯ ಉರಿಯೂತ ತರುವ ಭಾಗವನ್ನು ತಡೆಯುವ ಔಷಧಿ) ತೆಗೆದುಕೊಂಡಿದ್ದರೆ ಮಗುವಿನ ಡಾಕ್ಟರಿಗೆ ಹುಟ್ಟಿದ ದಿನವೇ ತಿಳಿಸಿ. ಬಿಸಿಜಿ, ರೋಟಾವೈರಸ್‌ನಂಥ ಜೀವಂತ ಲಸಿಕೆಗಳನ್ನು ತಡಮಾಡಬೇಕೋ ಎಂದು ಅವರು ನಿರ್ಧರಿಸಬೇಕು.

ಗರ್ಭನಿರೋಧಕ ಮಾತ್ರೆ ತಿನ್ನುವವರಿಗೆ, ಐಬಿಎಸ್ ಇರಲಿ ಐಬಿಡಿ ಇರಲಿ, ಇದು ಗೊತ್ತಿರಬೇಕು. ಜೋರಾದ ಭೇದಿ ಒಂದು ದಿನಕ್ಕಿಂತ ಹೆಚ್ಚು ನಡೆದರೆ ಮಾತ್ರೆ ಮರೆತಂತೆಯೇ ಲೆಕ್ಕ, ಬೇರೆ ರಕ್ಷಣೆಯೂ ಬೇಕು. ಐಬಿಡಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚಿರುವುದರಿಂದ ಈಸ್ಟ್ರೋಜನ್ ಇರುವ ಮಾತ್ರೆಗೆ ಮುಂಚೆ ಡಾಕ್ಟರ ಜೊತೆ ಮಾತಾಡಿ.

ಸ್ಟೆರಾಯ್ಡ್ ತಿಂದವರು ಮೂಳೆ ಪರೀಕ್ಷೆ ಬಗ್ಗೆ ಕೇಳಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಮುಂದೂಡಬೇಡಿ. ಕೊಲೈಟಿಸ್ ಶುರುವಾಗಿ ಎಂಟು ವರ್ಷವಾದರೆ, ಹೊಟ್ಟೆ ಆರಾಮಾಗಿದ್ದರೂ, ಕೊಲೊನೊಸ್ಕೋಪಿ ತಪಾಸಣೆ ಶುರುವಾಗಬೇಕು. ಕ್ರೋನ್ಸ್ ಇದ್ದು ಸಿಗರೇಟು ಸೇದುವವರಿದ್ದರೆ, ಅದನ್ನು ಬಿಡುವುದು ಯಾವ ಪಥ್ಯಕ್ಕಿಂತಲೂ ದೊಡ್ಡದು.

ಹೆಜ್ಜೆ 9: ತಲೆ ಮತ್ತು ಹೊಟ್ಟೆ

ಡಾಕ್ಟರು ಖಿನ್ನತೆಯ ಮಾತ್ರೆ ಬರೆದುಕೊಟ್ಟಾಗ ನನಗೆ ಸಿಟ್ಟು ಬಂದಿತ್ತು. "ಹಾಗಾದರೆ ನನಗೆ ಹುಚ್ಚೇ?" ಆಮೇಲೆ ಓದಿದಾಗ ತಿಳಿಯಿತು. ಅಮಿಟ್ರಿಪ್ಟಿಲಿನ್ ಎಂಬ ಆ ಹಳೇ ಮಾತ್ರೆ 10ರಿಂದ 30 ಮಿಲಿಗ್ರಾಂನ ಸಣ್ಣ ಪ್ರಮಾಣದಲ್ಲಿ ಕರುಳಿನ ನರಗಳ ಗಲಾಟೆ ತಗ್ಗಿಸುತ್ತದೆ. ಬ್ರಿಟನ್ನಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು, ಬರೀ ಹುಸಿಮಾತ್ರೆಗಿಂತ ಇದು ಚೆನ್ನಾಗಿ ಕೆಲಸ ಮಾಡಿತ್ತು. ಬಾಯಿ ಒಣಗುತ್ತದೆ, ಮಂಪರು ಬರುತ್ತದೆ, ಮಲಬದ್ಧತೆ ಇರುವವರಿಗೆ ಅದು ಇನ್ನೂ ಜಾಸ್ತಿಯಾಗಬಹುದು, ಅದೂ ನಿಜ. ಪುದೀನಾ ಎಣ್ಣೆಯ ಕ್ಯಾಪ್ಸೂಲ್ ಕೆಲವರಿಗೆ ನೋವು ಇಳಿಸುತ್ತದೆ, ಜಗಿಯದೆ ನುಂಗಬೇಕು, ಎದೆಯುರಿ ಇರುವವರಿಗೆ ಒಗ್ಗುವುದಿಲ್ಲ.

ಮಾತಿನ ಚಿಕಿತ್ಸೆಯೂ ಹೀಗೆಯೇ. ಮ್ಯಾಂಚೆಸ್ಟರಿನ ಡಾಕ್ಟರ್ ಪೀಟರ್ ವೋರ್ವೆಲ್ 1984ರಲ್ಲೇ ಸಂಮೋಹನದಿಂದ ಐಬಿಎಸ್ ತಗ್ಗುತ್ತದೆ ಎಂದು ತೋರಿಸಿದ್ದರು. ಇದರಿಂದ ನೋವು ಸುಳ್ಳು ಎಂದಾಗುವುದಿಲ್ಲ. ನೋವಿನ ಸುದ್ದಿ ಹೊತ್ತು ತರುವ ತಂತಿಯ ಎರಡೂ ತುದಿಯಲ್ಲಿ ರಿಪೇರಿ ಮಾಡಬಹುದು, ಅಷ್ಟೇ.

ಹೆಜ್ಜೆ 10: ಹೊರಗೆ ಹೋಗುವ ದಿನ

ಒಂದು ಸಣ್ಣ ಚೀಲ ಸದಾ ತಯಾರಿರಲಿ. ಒಳಉಡುಪು, ಟಿಶ್ಯೂ, ಪ್ಯಾಡ್, ವಾಸನೆ ಬರದಂತೆ ಕಟ್ಟಲು ಕವರ್, ಮಾತ್ರೆ, ಕುಡಿಯುವ ನೀರು. ಚೀಲ ಜೊತೆಗಿದೆ ಎಂಬ ಧೈರ್ಯಕ್ಕೇ ಅರ್ಧ ಅವಸರ ಕಡಿಮೆಯಾಗುತ್ತದೆ. ನನ್ನ ಚೀಲ ತಿಂಗಳಿಗೆ ಇಪ್ಪತ್ತೆಂಟು ದಿನ ಬಿಚ್ಚುವುದೇ ಇಲ್ಲ.

ಕೆಲಸದ ಜಾಗದಲ್ಲಿ ಒಬ್ಬರಿಗಾದರೂ ಹೇಳಿರಿ. ವಿವರ ಬೇಕಿಲ್ಲ. "ನನಗೆ ಕರುಳಿನ ಕಾಯಿಲೆ ಇದೆ. ಮೀಟಿಂಗಿನ ಮಧ್ಯೆ ಎದ್ದುಹೋದರೆ ಏನೂ ಅಂದುಕೊಳ್ಳಬೇಡಿ, ಹತ್ತು ನಿಮಿಷದಲ್ಲಿ ಬರುತ್ತೇನೆ." ಇಷ್ಟೇ. ಸಂಗಾತಿಗೆ ಮಾತ್ರ ಇನ್ನೂ ಸ್ವಲ್ಪ ಹೇಳಬೇಕು. ಹೊಟ್ಟೆ ಉಬ್ಬಿದ ರಾತ್ರಿ, ಗುದದ ಹತ್ತಿರ ಗಾಯವಿರುವ ವಾರ ಬೇಡ ಎಂದರೆ ಅದು ಅವರನ್ನು ಬೇಡ ಎಂದದ್ದಲ್ಲ. ಹೇಳುವುದು ಕಷ್ಟವಾದರೆ ನೋಟುಬುಕ್ಕು ತೋರಿಸಿ. ನಾನು ಹಾಗೇ ಮಾಡಿದ್ದು. ಅವರು ಎರಡು ತಿಂಗಳ ಪುಟ ತಿರುವಿ ನೋಡಿ ಕೇಳಿದ್ದು ಒಂದೇ: "ಈ ಇಪ್ಪತ್ತಾರನೇ ದಿನ ಬಂದಾಗ ನಾನೇನು ಮಾಡಲಿ?"

ಬಿಸಿನೀರಿನ ಚೀಲ ಎಲ್ಲಿದೆ ಎಂದು ತೋರಿಸಿದೆ.